ಬಿಸಿ ತಾಗಿತೆಂದು ನರಕ್ಕೆ ಹೇಗೆ ಗೊತ್ತಾಗುತ್ತದೆ?

ಬಿಸಿ ಪಾತ್ರೆಗೆ ಕೈ ತಾಗಿದರೆ ಕೈ ಮೊದಲು ಹಿಂದೆ ಬರುತ್ತದೆ, ಉರಿ ಗೊತ್ತಾಗುವುದು ಆಮೇಲೆ. ಅಷ್ಟರಲ್ಲಿ ಮೈಯೊಳಗೆ ನಡೆದದ್ದೇನು ಎಂದು ತಿಳಿಯಲು ಮುನ್ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ತಮಾಷೆ ಏನೆಂದರೆ, ಸುದ್ದಿ ಸಾಗುವ ದಾರಿ ಮೊದಲು ಅರ್ಥವಾಯಿತು. ಅದು ಚರ್ಮದಲ್ಲಿ ಹುಟ್ಟುವ ಬಗೆ ತಿಳಿದದ್ದು ತೀರಾ ಈಚೆಗೆ.

17ನೇ ಶತಮಾನದಲ್ಲಿ ಫ್ರೆಂಚ್ ತತ್ವಜ್ಞಾನಿ ರೆನೆ ಡೆಕಾರ್ಟ್ ಒಂದು ವಿವರಣೆ ಕೊಟ್ಟಿದ್ದರು. ನರವೆಂದರೆ ಕೊಳವೆ, ಒಳಗೊಂದು ಎಳೆ. ಬೆಂಕಿ ತಾಗಿದರೆ ಎಳೆ ಜಗ್ಗಿ ಮೆದುಳಿನಲ್ಲೊಂದು ರಂಧ್ರ ತೆರೆಯುತ್ತದೆ, ಅಲ್ಲಿಂದ ಹರಿದ ದ್ರವ ಸ್ನಾಯುವನ್ನು ಆಡಿಸುತ್ತದೆ. ವಿವರವೆಲ್ಲ ತಪ್ಪು. ಆದರೆ ಸುದ್ದಿ ಒಳಗೆ ಹೋಗಿ ಆಜ್ಞೆ ಹೊರಗೆ ಬರುತ್ತದೆ ಎಂಬ ಕಲ್ಪನೆ ಉಳಿದುಕೊಂಡಿತು.

ದ್ರವದ ಜಾಗಕ್ಕೆ ವಿದ್ಯುತ್ ಬಂದದ್ದು ಕಪ್ಪೆಯ ಕಾಲಿನಿಂದ. ವಿದ್ಯುತ್ ತಾಗಿದರೆ ಸತ್ತ ಕಪ್ಪೆಯ ಕಾಲೂ ಜಿಗಿಯುತ್ತದೆ ಎಂದು ಇಟಲಿಯ ವಿಜ್ಞಾನಿ ಗಾಲ್ವಾನಿ 1791ರಲ್ಲಿ ಪ್ರಕಟಿಸಿದರು. ಹಾಗಾದರೆ ನರದಲ್ಲಿ ಸುದ್ದಿ ಸಾಗುವ ವೇಗ ಎಷ್ಟು? ಅದನ್ನು ಅಳೆಯಲು ಬಹುಶಃ ಆಗುವುದೇ ಇಲ್ಲ ಎಂದು ಜರ್ಮನ್ ಶರೀರವಿಜ್ಞಾನಿ ಯೊಹಾನೆಸ್ ಮ್ಯುಲರ್ ಭಾವಿಸಿದ್ದರು. ಅವರ ಶಿಷ್ಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಅಳೆದೇಬಿಟ್ಟರು. ಉಪಾಯ ಸರಳ. ಕಪ್ಪೆಯ ನರವನ್ನು ಒಮ್ಮೆ ಸ್ನಾಯುವಿನ ಹತ್ತಿರ, ಇನ್ನೊಮ್ಮೆ ದೂರದಲ್ಲಿ ಕೆರಳಿಸಿ, ಸ್ನಾಯು ಸೆಳೆಯಲು ಹಿಡಿದ ಸಮಯದ ವ್ಯತ್ಯಾಸ ನೋಡಿದರು. ಬಂದ ಉತ್ತರ ಸೆಕೆಂಡಿಗೆ ಸುಮಾರು 30 ಮೀಟರ್. ಶಬ್ದಕ್ಕಿಂತಲೂ ಎಷ್ಟೋ ನಿಧಾನ! ಮನುಷ್ಯರ ಕೆಲವು ದಪ್ಪ ನರತಂತುಗಳಲ್ಲಿ ಈ ವೇಗ 100 ಮೀಟರ್ ದಾಟುತ್ತದೆ. ಉರಿ ಒಯ್ಯುವ ತೆಳು ತಂತುಗಳಲ್ಲಿ ಬರೀ ಒಂದು ಮೀಟರ್ ಆಸುಪಾಸು. ಜತೆಗೆ ಕೈ ಎಳೆದುಕೊಳ್ಳುವ ಆಜ್ಞೆ ಬೆನ್ನುಹುರಿಯಿಂದಲೇ ಹೊರಡುತ್ತದೆ, ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ.

1920ರ ದಶಕದಲ್ಲಿ ಬ್ರಿಟಿಷ್ ವಿಜ್ಞಾನಿ ಎಡ್ಗರ್ ಏಡ್ರಿಯನ್ ಒಂದೊಂದೇ ತಂತುವಿನ ಸಂಕೇತ ದಾಖಲಿಸಿದರು. ನನಗೆ ಈ ಕಥೆಯಲ್ಲಿ ಅತಿ ಹಿಡಿಸುವ ಭಾಗ ಇದು. ಮೆಲ್ಲಗೆ ಮುಟ್ಟಿದರೂ ಜೋರಾಗಿ ಒತ್ತಿದರೂ ಒಂದು ತಂತುವಿನ ವಿದ್ಯುತ್ ಮಿಡಿತದ ಗಾತ್ರ ಒಂದೇ. ಜೋರು ಹೆಚ್ಚಿದಂತೆ ಮಿಡಿತಗಳು ಪದೇ ಪದೇ ಬರುತ್ತವೆ, ಅಷ್ಟೇ. ಆ ಮಿಡಿತ ಹುಟ್ಟುವ ಬಗೆಯನ್ನು ವಿಜ್ಞಾನಿಗಳಾದ ಹಾಜ್ಕಿನ್ ಮತ್ತು ಹಕ್ಸ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದೈತ್ಯ ನರತಂತುವಿನಲ್ಲಿ ಹುಡುಕಿದರು. ಸೋಡಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ತಂತುವಿನ ಒಳನುಗ್ಗುತ್ತವೆ, ಬೆನ್ನಿಗೇ ಪೊಟ್ಯಾಸಿಯಂ ಹೊರಬೀಳುತ್ತದೆ. 1952ರಲ್ಲಿ ಅದರ ಗಣಿತವೂ ಸಿಕ್ಕಿತು.

ಆದರೆ ಶಾಖ ವಿದ್ಯುತ್ ಆಗುವುದು ಹೇಗೆ? ಇದಕ್ಕೆ ಸುಳಿವು ಸಿಕ್ಕಿದ್ದು ಮೆಣಸಿನಕಾಯಿಯಿಂದ. ಖಾರದ ಅಂಶವಾದ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವ ಪ್ರೋಟೀನನ್ನು ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಗುರುತಿಸಿತು. ಈಗ ಅದರ ಹೆಸರು ಟಿಆರ್‌ಪಿವಿ1. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದೇ ಪ್ರೋಟೀನು ಬಾಗಿಲಿನಂತೆ ತೆರೆದು ಅಯಾನುಗಳನ್ನು ಒಳಬಿಡುತ್ತದೆ. ಖಾರ ತಿಂದರೆ ಬಾಯಿ 'ಉರಿಯುವುದು' ಸುಮ್ನೆ ಅಲ್ಲ, ಅಲ್ವಾ? ಒತ್ತಡ ಗುರುತಿಸುವ ಪೀಜೋ ಪ್ರೋಟೀನುಗಳು ಆರ್ಡೆಮ್ ಪಟಪೂಟಿಯನ್ ತಂಡಕ್ಕೆ 2010ರಲ್ಲಿ ಸಿಕ್ಕವು. ಇಬ್ಬರಿಗೂ 2021ರ ನೊಬೆಲ್ ಬಂತು.

ಟಿಆರ್‌ಪಿವಿ1 ಎಂಬ ಬಾಗಿಲನ್ನು ಮುಚ್ಚಿಬಿಟ್ಟರೆ ನೋವೇ ಇರುವುದಿಲ್ಲವಲ್ಲ ಎಂದು ಔಷಧ ತಯಾರಕರು ಆಸೆಪಟ್ಟರು. ಮನುಷ್ಯರ ಮೇಲೆ ಪ್ರಯೋಗಿಸಿದಾಗ ಕೆಲವು ಔಷಧಗಳಿಂದ ಮೈ ಬಿಸಿ ಏರಿತು, ಸುಡುವ ಬಿಸಿ ಗುರುತಿಸುವ ಶಕ್ತಿಯೂ ಕುಗ್ಗಿತು. ಅದೇ ಪ್ರೋಟೀನು ದೇಹದ ತಾಪ ಕಾಯುವ ಕೆಲಸದಲ್ಲೂ ಪಾಲುದಾರ.