ಲಾಪೋರ್ಟ್ ಯಾರ ಕಡೆಯವರು?

2024ರ ಜುಲೈ 9. ಮ್ಯೂನಿಕ್‌ನಲ್ಲಿ ಯುರೋ ಕಪ್ ಸೆಮಿಫೈನಲ್, ಸ್ಪೇನ್ ಮತ್ತು ಫ್ರಾನ್ಸ್ ನಡುವೆ. ನಮ್ಮಲ್ಲಿ ಆಗ ರಾತ್ರಿ 12:30. ಮನೆಯವರೆಲ್ಲ ಮಲಗಿದ ಮೇಲೆ ಟಿವಿ ಸೌಂಡ್ ಕಮ್ಮಿ ಮಾಡಿಕೊಂಡು ನೋಡುವ ಹೊತ್ತು. ಆಟಕ್ಕೆ ಮುಂಚೆ ಎರಡೂ ತಂಡಗಳು ಸಾಲಾಗಿ ನಿಂತವು, ರಾಷ್ಟ್ರಗೀತೆ ಶುರುವಾಯಿತು. ಫ್ರಾನ್ಸ್‌ನ ಗೀತೆಗೆ ಪದಗಳಿವೆ. ಯಾವ ಆಟಗಾರ ಹಾಡಿದ, ಯಾರು ಸುಮ್ಮನೆ ನಿಂತಿದ್ದ ಅಂತ ಆ ದೇಶದಲ್ಲಿ ವರ್ಷಗಟ್ಟಲೆ ಜಗಳ ನಡೆದಿದೆ. ಸ್ಪೇನ್‌ನ ಗೀತೆಗೆ ಪದಗಳೇ ಇಲ್ಲ, ಬರೀ ವಾದ್ಯ. ಅಲ್ಲಿ ಯಾರೂ ಹಾಡಬೇಕಿಲ್ಲ, ಹಾಡಲಿಲ್ಲ ಅಂತ ಯಾರನ್ನೂ ಬೈಯುವ ಹಾಗೂ ಇಲ್ಲ.

ಸ್ಪೇನ್ ಸಾಲಿನಲ್ಲಿದ್ದ ಒಬ್ಬ ಡಿಫೆಂಡರ್‌ಗೆ ಎರಡೂ ಗೀತೆ ಚೆನ್ನಾಗಿ ಗೊತ್ತಿತ್ತು. ಎಮೆರಿಕ್ ಲಾಪೋರ್ಟ್ ಹುಟ್ಟಿದ್ದು ಫ್ರಾನ್ಸ್‌ನಲ್ಲಿ. ಆ ದೇಶದ ಕಿರಿಯರ ತಂಡಗಳಲ್ಲಿ ಸುಮಾರು 50 ಪಂದ್ಯ ಆಡಿದ್ದರು. ಹಿರಿಯರ ತಂಡಕ್ಕೆ ಮಾತ್ರ ಒಂದೇ ಒಂದು ನಿಮಿಷವೂ ಆಡಲಿಲ್ಲ. ಆ ರಾತ್ರಿ ಸ್ಪೇನ್ 2–1ರಿಂದ ಗೆದ್ದಿತು. ಐದು ದಿನ ಬಿಟ್ಟು ಬರ್ಲಿನ್‌ನಲ್ಲಿ ಇಂಗ್ಲೆಂಡ್ ಮೇಲೂ ಅದೇ 2–1. ಲಾಪೋರ್ಟ್ ಯುರೋಪಿನ ಚಾಂಪಿಯನ್ ಆದರು, ಹುಟ್ಟಿದ ದೇಶದ ಪರವಾಗಿ ಅಲ್ಲ.

"ಹಾಗಾದ್ರೆ ಅವರು ಯಾರ ಕಡೆಯವರು?" ಅಂತ ಕೇಳುವವರು ಈಗಲೂ ಇದ್ದಾರೆ. ಉತ್ತರ ಬೇಕಾದರೆ 2009ರ ಸುತ್ತಮುತ್ತ ಹೋಗಬೇಕು.

ಅಜೆನ್ ನೈಋತ್ಯ ಫ್ರಾನ್ಸ್‌ನ ಒಂದು ಊರು. ಒಣಗಿಸಿದ ಪ್ಲಮ್ ಹಣ್ಣಿಗೆ ಹೆಸರುವಾಸಿ, ಅಲ್ಲಿಯವರಿಗೆ ಫುಟ್‌ಬಾಲ್‌ಗಿಂತ ರಗ್ಬಿ ಹುಚ್ಚು ಜಾಸ್ತಿ. ಲಾಪೋರ್ಟ್ ಹುಟ್ಟಿದ್ದು ಅಲ್ಲೇ, 1994ರ ಮೇ 27ಕ್ಕೆ. ಎತ್ತರದ, ಎಡಗಾಲಿನ ಈ ಹುಡುಗನ ಮೇಲೆ ಗಡಿಯಾಚೆಯ ಅಥ್ಲೆಟಿಕ್ ಬಿಲ್ಬಾವೊ ಕ್ಲಬ್ ಕಣ್ಣಿಟ್ಟಿತ್ತು. ತೊಡಕು ಏನಂದರೆ, ಅಥ್ಲೆಟಿಕ್ ಎಲ್ಲರಂತಹ ಕ್ಲಬ್ ಅಲ್ಲ.

1898ರಲ್ಲಿ ಶುರುವಾದ ಈ ಕ್ಲಬ್ ನೂರು ವರ್ಷಕ್ಕೂ ಮೇಲ್ಪಟ್ಟು ಒಂದು ಪದ್ಧತಿ ಇಟ್ಟುಕೊಂಡು ಬಂದಿದೆ: ಬಾಸ್ಕ್ ನಾಡಿನವರಿಗೆ ಮಾತ್ರ ಜಾಗ. ಬಾಸ್ಕ್ ನಾಡು ಅಂದರೆ ಏಳು ಸೀಮೆ, ನಾಲ್ಕು ಸ್ಪೇನ್‌ನಲ್ಲಿ, ಮೂರು ಫ್ರಾನ್ಸ್‌ನಲ್ಲಿ. ಇಷ್ಟು ಚಿಕ್ಕ ಜಾಗದಿಂದ ಮಾತ್ರ ಆಟಗಾರರನ್ನು ಆರಿಸಿಕೊಂಡೂ ಅಥ್ಲೆಟಿಕ್ ಇವತ್ತಿನವರೆಗೆ ಸ್ಪೇನ್‌ನ ಮೊದಲ ದರ್ಜೆಯಿಂದ ಕೆಳಗೆ ಬಿದ್ದಿಲ್ಲ. ಆ ಮಾತು ಹೇಳಿಕೊಳ್ಳಬಲ್ಲ ಇನ್ನೆರಡು ಕ್ಲಬ್ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಮಾತ್ರ.

ಕಾಲ ಕಳೆದಂತೆ ನಿಯಮ ಸ್ವಲ್ಪ ಸಡಿಲವಾಯಿತು. ಅಲ್ಲಿ ಹುಟ್ಟಿರಲೇಬೇಕು ಅಂತಿಲ್ಲ, ಆಟ ಅಲ್ಲಿ ಕಲಿತಿದ್ದರೂ ಸಾಕು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಆ ನೆಲದ ನೀರು ಕುಡಿದು ಬೆಳೆದಿರಬೇಕು. ಅಜೆನ್ ಬಾಸ್ಕ್ ನಾಡಿನೊಳಗೆ ಬರುವುದಿಲ್ಲ. ಬಯೋನ್ ಬರುತ್ತದೆ. ಹುಡುಗ ಒಂದು ಸೀಸನ್ ಬಯೋನ್‌ನ ಕ್ಲಬ್‌ನಲ್ಲಿ ಆಡಿದ. 2010ರಲ್ಲಿ, 16 ತುಂಬಿದ ಮೇಲೆ, ಬಿಲ್ಬಾವೊ ಪಕ್ಕದ ಲೆಸಾಮಾ ಅಕಾಡೆಮಿಗೆ ಬಂದ. ನಿಯಮವನ್ನು ಮುರಿದಂತೆಯೂ ಆಗಲಿಲ್ಲ, ಹುಡುಗನನ್ನು ಬಿಟ್ಟುಕೊಟ್ಟಂತೆಯೂ ಆಗಲಿಲ್ಲ. ಇದರಲ್ಲಿ ಒಂಚೂರು ಚಾಲಾಕಿತನ ಇದೆ ಅಂತ ನನಗನ್ನಿಸುತ್ತದೆ. ಆದರೆ ಆಮೇಲೆ ಎಂಟು ವರ್ಷ ಅಲ್ಲೇ ಬೆಳೆದವರನ್ನು ಹೊರಗಿನವರು ಅನ್ನುವುದೂ ಕಷ್ಟ.

2012ರ ಕೊನೆಗೆ, 18ನೇ ವಯಸ್ಸಿನಲ್ಲಿ, ಕೋಚ್ ಮಾರ್ಸೆಲೊ ಬಿಯೆಲ್ಸಾ ಲಾಪೋರ್ಟ್‌ರನ್ನು ಹಿರಿಯರ ತಂಡದಲ್ಲಿ ಇಳಿಸಿದರು. ಅಥ್ಲೆಟಿಕ್‌ಗೆ ಆಡಿದ ಎರಡನೇ ಫ್ರೆಂಚ್ ಆಟಗಾರ ಅವರು. ಮೊದಲನೆಯವರು 1998ರ ವಿಶ್ವಕಪ್ ಗೆದ್ದ ಬಿಶೆಂತೆ ಲಿಜರಾಜು. ಲಿಜರಾಜು ಹುಟ್ಟಿದ್ದೇ ಬಾಸ್ಕ್ ನಾಡಿನ ಫ್ರೆಂಚ್ ಭಾಗದಲ್ಲಿ, ಹಾಗಾಗಿ ಅವರ ಬಗ್ಗೆ ಈ ಪ್ರಶ್ನೆಯೇ ಎದ್ದಿರಲಿಲ್ಲ.

ಲಾಪೋರ್ಟ್ ಮೇಲೆ ಅಷ್ಟು ಆಸೆ ಯಾಕೆ ಅಂತ ತಿಳಿಯಬೇಕಾದರೆ ಎಡಗಾಲಿನ ಬೆಲೆ ಗೊತ್ತಿರಬೇಕು. ಗೋಲ್‌ಕೀಪರ್ ಎಡಗಡೆಯ ಸೆಂಟರ್ ಬ್ಯಾಕ್‌ಗೆ, ಅಂದರೆ ಗೋಲಿನ ಮುಂದೆ ನಡುವೆ ನಿಂತು ಕಾಯುವ ಡಿಫೆಂಡರ್‌ಗೆ, ಚೆಂಡು ತಳ್ಳಿದರು ಅಂದುಕೊಳ್ಳಿ. ಎದುರಾಳಿ ಸ್ಟ್ರೈಕರ್ ಓಡಿ ಬರುತ್ತಿದ್ದಾರೆ. ಆ ಡಿಫೆಂಡರ್ ಬಲಗಾಲಿನವರಾದರೆ ಚೆಂಡನ್ನು ಬಲಕ್ಕೆ ಎಳೆದುಕೊಳ್ಳಬೇಕು, ಮೈಯನ್ನು ಒಳಗೆ ತಿರುಗಿಸಬೇಕು. ಅಂದರೆ ಸ್ಟ್ರೈಕರ್ ಬರುತ್ತಿರುವ ದಿಕ್ಕಿಗೇ ಚೆಂಡು ಒಡ್ಡಿದ ಹಾಗೆ. ಎಡಗಾಲಿನವರಿಗೆ ಈ ಗೋಳಿಲ್ಲ. ಗೆರೆಯ ಪಕ್ಕದಲ್ಲಿರುವ ವಿಂಗರ್‌ಗೆ ನೇರವಾಗಿ ಕೊಡಬಹುದು, ಇಲ್ಲವೇ ಮಧ್ಯಕ್ಕೆ ಚುಚ್ಚಬಹುದು. ಉಳಿಯುವುದು ಅರ್ಧ ಸೆಕೆಂಡ್ ಅಷ್ಟೇ. ಆದರೆ ಹಿಂದಿನಿಂದ ಪಾಸ್ ಕಟ್ಟಿಕೊಂಡು ಮೇಲೆ ಹೋಗುವ ತಂಡಕ್ಕೆ ಆ ಅರ್ಧ ಸೆಕೆಂಡೇ ಬಂಡವಾಳ. ಅಂಥ ಡಿಫೆಂಡರ್‌ಗಳು ಹುಡುಕಿದರೂ ಜಾಸ್ತಿ ಸಿಗುವುದಿಲ್ಲ.

2015ರ ಆಗಸ್ಟ್‌ನಲ್ಲಿ ಅಥ್ಲೆಟಿಕ್ ಸ್ಪ್ಯಾನಿಷ್ ಸೂಪರ್ ಕಪ್‌ನಲ್ಲಿ ಬಾರ್ಸಿಲೋನಾವನ್ನು ಎರಡು ಪಂದ್ಯ ಸೇರಿ 5–1ರಿಂದ ಬಗ್ಗುಬಡಿಯಿತು. 1984ರ ನಂತರ ಕ್ಲಬ್ ಕಂಡ ಮೊದಲ ಟ್ರೋಫಿ ಅದು. 2018ರ ಜನವರಿ ಕೊನೆಗೆ ಮ್ಯಾಂಚೆಸ್ಟರ್ ಸಿಟಿ ಲಾಪೋರ್ಟ್ ಒಪ್ಪಂದದಲ್ಲಿದ್ದ ಬಿಡುಗಡೆ ಮೊತ್ತ (ಅಷ್ಟು ಕಟ್ಟಿದರೆ ಕ್ಲಬ್ ತಡೆಯುವ ಹಾಗಿಲ್ಲ) 6.5 ಕೋಟಿ ಯೂರೋ ಕಟ್ಟಿ ಅವರನ್ನು ಕರೆದುಕೊಂಡು ಹೋಯಿತು. ಅಥ್ಲೆಟಿಕ್ ಕೈಯಲ್ಲಿ ರಾಶಿ ದುಡ್ಡು, ಆದರೆ ಆ ದುಡ್ಡು ಹಿಡಿದುಕೊಂಡು ಸಿಕ್ಕಸಿಕ್ಕ ಕಡೆ ಕೊಳ್ಳುವ ಹಾಗಿಲ್ಲ! ಕೊನೆಗೆ ಪಕ್ಕದ ಊರಿನ ಬದ್ಧ ಎದುರಾಳಿ ರಿಯಲ್ ಸೊಸಿಯೆದಾದ್‌ನಿಂದ ಇನಿಗೊ ಮಾರ್ಟಿನೆಜ್‌ರನ್ನು 3.2 ಕೋಟಿ ಯೂರೋ ಕೊಟ್ಟು ತಂದರು. ಅಥ್ಲೆಟಿಕ್‌ಗೆ ಸಂತೆ ಅಂದರೆ ಪಕ್ಕದ ಮನೆಯೇ.

ಇಷ್ಟು ಬೆಲೆಬಾಳುವ ಡಿಫೆಂಡರ್‌ನ ಫ್ರಾನ್ಸ್ ಯಾಕೆ ಆಡಿಸಲಿಲ್ಲ? ಒಂದೇ ಕಾರಣ ಹೇಳಿ ಮುಗಿಸುವಂಥದ್ದಲ್ಲ ಇದು. ಆ ವರ್ಷಗಳಲ್ಲಿ ಫ್ರಾನ್ಸ್‌ಗೆ ಡಿಫೆಂಡರ್‌ಗಳ ಬರ ಇರಲಿಲ್ಲ. ವರಾನ್, ಉಮ್‌ತಿತಿ, ಕಿಂಪೆಂಬೆ ಎಲ್ಲ ಸಾಲುಗಟ್ಟಿ ನಿಂತಿದ್ದರು. ಗಾಯಗಳೂ ಸಮಯ ನೋಡಿಕೊಂಡೇ ಬಂದವು. 2016ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ 21ರೊಳಗಿನವರ ತಂಡಕ್ಕೆ ಸ್ಕಾಟ್ಲೆಂಡ್ ವಿರುದ್ಧ ಆಡುವಾಗಲೇ ಲಾಪೋರ್ಟ್ ಕಾಲಿನ ಮೂಳೆ ಮುರಿದು, ಪಾದದ ಕೀಲು ತಪ್ಪಿತು. ಅದೇ ವರ್ಷ ಕೋಚ್ ದಿದಿಯೆ ದೆಶಾಂ ಮೊದಲ ಸಲ ಹಿರಿಯರ ತಂಡಕ್ಕೆ ಕರೆದರು. ಲಾಪೋರ್ಟ್ ಹೋದರು, ಬೆಂಚಿನ ಮೇಲೆ ಕೂತು ವಾಪಸ್ ಬಂದರು.

2018ರ ವಿಶ್ವಕಪ್‌ಗೆ ಅವರ ಹೆಸರಿರಲಿಲ್ಲ. ಆದಿಲ್ ರಾಮಿ ಹೋದರು, ಇಡೀ ಟೂರ್ನಿಯಲ್ಲಿ ಒಂದು ನಿಮಿಷವೂ ಆಡದೆ ಚಾಂಪಿಯನ್ ಪದಕ ಹಾಕಿಕೊಂಡು ಬಂದರು. ಅದು ರಾಮಿ ತಪ್ಪಲ್ಲ ಬಿಡಿ. 2019ರ ಆಗಸ್ಟ್‌ನಲ್ಲಿ ದೆಶಾಂ ಮತ್ತೆ ಕರೆದರು, ಅಲ್ಬೇನಿಯಾ ಮತ್ತು ಅಂಡೋರಾ ವಿರುದ್ಧದ ಯುರೋ ಅರ್ಹತಾ ಪಂದ್ಯಗಳಿಗೆ. ತಂಡ ಸೇರುವ ಮುಂಚೆ ಮ್ಯಾಂಚೆಸ್ಟರ್ ಸಿಟಿಗೆ ಇನ್ನೊಂದು ಪಂದ್ಯ ಬಾಕಿ ಇತ್ತು. ಆಗಸ್ಟ್ 31, ಬ್ರೈಟನ್ ವಿರುದ್ಧ. ಅಲ್ಲಿ ಮೊಣಕಾಲಿಗೆ ಏಟಾಗಿ ಸ್ಟ್ರೆಚರ್ ಮೇಲೆ ಹೊರಗೆ ಬಂದರು. ಗ್ರಹಚಾರ ಅನ್ನೋದು ಇದಕ್ಕೇ. ಮುಂದೆ ಬಾಗಿಲು ತೆರೆಯಲೇ ಇಲ್ಲ.

ಈಗ ನಿಯಮದ ಕಥೆ. ದೇಶ ಬದಲಿಸಿ ಆಡುವುದು ಹೊಸದೇನಲ್ಲ. ಹಂಗೆರಿಯ ಪುಷ್ಕಾಶ್ ಮತ್ತು ಅರ್ಜೆಂಟೀನಾದ ದಿ ಸ್ಟೆಫಾನೊ, ಇಬ್ಬರೂ ಮುಂದೆ ಸ್ಪೇನ್‌ಗೆ ಆಡಿದವರೇ. ಆಮೇಲೆ ಫಿಫಾ ಬಾಗಿಲು ಭದ್ರ ಮಾಡಿತು. 2004ರಲ್ಲಿ ಒಂದು ಕಿಂಡಿ ತೆರೆಯಿತು: ಕಿರಿಯರ ತಂಡದಲ್ಲಿ ಒಂದು ದೇಶಕ್ಕೆ ಆಡಿದ್ದರೂ, 21 ವಯಸ್ಸಿನೊಳಗೆ ಇನ್ನೊಂದು ದೇಶಕ್ಕೆ ಬದಲಾಗಬಹುದು. ಅದೇ ವರ್ಷ ಕತಾರ್ ಕೆಲವು ಬ್ರೆಜಿಲ್ ಆಟಗಾರರನ್ನು ದುಡ್ಡು ಕೊಟ್ಟು ತನ್ನವರನ್ನಾಗಿ ಮಾಡಿಕೊಳ್ಳಲು ಹೊರಟಾಗ, ಆ ದೇಶದ ಜೊತೆ ನಿಜವಾದ ನಂಟು ಇರಲೇಬೇಕು ಅಂತ ಫಿಫಾ ಅಡ್ಡ ಬಂತು. 2009ರಲ್ಲಿ 21ರ ಮಿತಿ ಹೋಯಿತು. 2020ರಲ್ಲಿ ನಿಯಮ ಇನ್ನಷ್ಟು ಸಡಿಲವಾಯಿತು.

ಈ ಸಡಿಲಿಕೆಗೆ ಮುಂಚೆ ಎಂಥ ಪಾಡಿತ್ತು ಅನ್ನುವುದಕ್ಕೆ ಮುನಿರ್ ಎಲ್ ಹದ್ದಾದಿ ಸಾಕ್ಷಿ. ಮ್ಯಾಡ್ರಿಡ್ ಸೀಮೆಯಲ್ಲಿ ಹುಟ್ಟಿದ, ಮೊರಾಕ್ಕೊ ಮೂಲದ ಹುಡುಗ. 2014ರ ಸೆಪ್ಟೆಂಬರ್‌ನಲ್ಲಿ ಸ್ಪೇನ್‌ನ ಹಿರಿಯರ ತಂಡಕ್ಕೆ ಮ್ಯಾಸಿಡೋನಿಯಾ ವಿರುದ್ಧ ಬದಲಿ ಆಟಗಾರನಾಗಿ ಕೊನೆಯ 13 ನಿಮಿಷ ಆಡಿದ. ಮತ್ತೆ ಸ್ಪೇನ್ ಕರೆಯಲಿಲ್ಲ. 2018ರ ವಿಶ್ವಕಪ್‌ಗೆ ಮುಂಚೆ ಮೊರಾಕ್ಕೊಗೆ ಆಡುತ್ತೇನೆ ಅಂತ ಕ್ರೀಡಾ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರೂ ಅರ್ಜಿ ಬಿದ್ದುಹೋಯಿತು. ಆ 13 ನಿಮಿಷದ ಋಣ ತೀರಬೇಕಾದರೆ 2021 ಬರಬೇಕಾಯಿತು.

ಆ ಲೆಕ್ಕದಲ್ಲಿ ಲಾಪೋರ್ಟ್ ಪುಣ್ಯವಂತರು. ಫ್ರಾನ್ಸ್ ಅವರನ್ನು ಆ 13 ನಿಮಿಷವೂ ಆಡಿಸಿರಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇದೇ. ಯಾರು ಯಾರನ್ನು ಬಿಟ್ಟರು ಅಂತ ಕೇಳುವವರು ಬೆಂಚಿನ ಲೆಕ್ಕ ನೋಡಬೇಕು. ಕರೆದವರು, ಕೂರಿಸಿದವರು, ಆಡಿಸದವರು ಫ್ರಾನ್ಸ್‌ನವರು. ಐದು ವರ್ಷ ಕಾದ ಮೇಲೆ ಎದ್ದು ಹೋದವರನ್ನು ದ್ರೋಹಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

2021ರ ಮೇ 11ಕ್ಕೆ ಸ್ಪೇನ್‌ನ ಮಂತ್ರಿಮಂಡಲ ವಿಶೇಷ ಆದೇಶದ ಮೂಲಕ ಲಾಪೋರ್ಟ್‌ಗೆ ಪೌರತ್ವ ಕೊಟ್ಟಿತು. ಮೂರು ದಿನದಲ್ಲಿ ಫಿಫಾದಿಂದಲೂ ಒಪ್ಪಿಗೆ. ಇಲ್ಲಿ ಮಾತ್ರ ನನಗೆ ಸ್ವಲ್ಪ ಕಸಿವಿಸಿ. ಸ್ಪೇನ್‌ನಲ್ಲಿ ಸಾಮಾನ್ಯವಾಗಿ ವಲಸಿಗರು ಪೌರತ್ವಕ್ಕೆ ಅರ್ಜಿ ಹಾಕಬೇಕಾದರೆ 10 ವರ್ಷ ನೆಲೆಸಿರಬೇಕು. ಟೊಮ್ಯಾಟೊ ತೋಟದಲ್ಲಿ ಬೆನ್ನು ಬಗ್ಗಿಸುವವರಿಗೆ ಹತ್ತು ವರ್ಷ, ಸೆಂಟರ್ ಬ್ಯಾಕ್‌ಗೆ ಮಂತ್ರಿಗಳ ಒಂದು ಸಭೆ. ಇದು ಲಾಪೋರ್ಟ್ ತಪ್ಪಲ್ಲ, ಆದರೂ ಕಣ್ಣಿಗೆ ಬೀಳದೆ ಇರುವುದಿಲ್ಲ, ಅಲ್ವಾ?

ಅದೇ ತಿಂಗಳು ಕೋಚ್ ಲೂಯಿಸ್ ಎನ್ರಿಕೆ ಯುರೋ ತಂಡ ಪ್ರಕಟಿಸಿದರು. ನಾಯಕ, ರಿಯಲ್ ಮ್ಯಾಡ್ರಿಡ್‌ನ ಡಿಫೆಂಡರ್ ಸೆರ್ಜಿಯೊ ರಾಮೊಸ್ ಹೊರಗೆ, ಲಾಪೋರ್ಟ್ ಒಳಗೆ. ದೊಡ್ಡ ಟೂರ್ನಿಯೊಂದಕ್ಕೆ ಹೊರಟ ಸ್ಪೇನ್ ತಂಡದಲ್ಲಿ ರಿಯಲ್ ಮ್ಯಾಡ್ರಿಡ್‌ನ ಒಬ್ಬರೂ ಇಲ್ಲದಿದ್ದದ್ದು ಅದೇ ಮೊದಲು, ಆ ಗಲಾಟೆಯಲ್ಲಿ ಲಾಪೋರ್ಟ್ ಪೌರತ್ವದ ಚರ್ಚೆ ಅರ್ಧ ಮುಳುಗಿಹೋಯಿತು. ಸ್ಲೊವಾಕಿಯಾವನ್ನು 5–0ರಿಂದ ಸೋಲಿಸಿದ ಪಂದ್ಯದಲ್ಲಿ ತಲೆಯಿಂದ ಹೊಡೆದ ಒಂದು ಗೋಲು ಅವರದ್ದು. ಸೆಮಿಫೈನಲ್‌ನಲ್ಲಿ ಇಟಲಿ ಪೆನಾಲ್ಟಿಯಲ್ಲಿ ಮನೆಗೆ ಕಳಿಸಿತು. ಅಕ್ಟೋಬರ್‌ನಲ್ಲಿ ನೇಷನ್ಸ್ ಲೀಗ್ ಫೈನಲ್, ಎದುರಿಗೆ ಫ್ರಾನ್ಸ್. ಸೋಲು, 2–1.

ಕ್ಲಬ್ ಮಟ್ಟದಲ್ಲಿ ಸಿಟಿ ಜೊತೆ ಐದು ಪ್ರೀಮಿಯರ್ ಲೀಗ್, ಒಂದು ಚಾಂಪಿಯನ್ಸ್ ಲೀಗ್. 2023ರಲ್ಲಿ ಸೌದಿಯ ಅಲ್ ನಸ್ರ್‌ಗೆ ಹೋದರು. ಸೌದಿಗೆ ಹೋದ ಮೇಲೆ ಆಟ ಮುಗೀತು ಅಂದವರೇ ಜಾಸ್ತಿ. ಒಂದೇ ವರ್ಷಕ್ಕೆ ಯುರೋ ಕಪ್ ಗೆದ್ದರು.

ಬರ್ಲಿನ್ ಫೈನಲ್‌ನಲ್ಲಿ ಅವರ ಪಕ್ಕದಲ್ಲಿ ಶುರುವಿನಿಂದ ಆಡಿದವರು ರಾಬಿನ್ ಲೆ ನೊರ್ಮಾನ್. ಅವರು ಹುಟ್ಟಿದ್ದೂ ಫ್ರಾನ್ಸ್‌ನಲ್ಲೇ, ಬ್ರಿಟನಿ ಸೀಮೆಯ ಪಾಬುವಿನಲ್ಲಿ. ಹೆಸರು ಮಾಡಿದ್ದು ರಿಯಲ್ ಸೊಸಿಯೆದಾದ್‌ನಲ್ಲಿ, 2023ರಲ್ಲಿ ಸ್ಪೇನ್ ಪೌರತ್ವ. ಯುರೋಪಿನ ಚಾಂಪಿಯನ್ ತಂಡದ ಕೋಟೆ ಬಾಗಿಲಲ್ಲಿ ಇಬ್ಬರು ಫ್ರೆಂಚ್ ಮೂಲದವರು, ಇಬ್ಬರೂ ಬಾಸ್ಕ್ ಕ್ಲಬ್‌ಗಳಲ್ಲಿ ಪಳಗಿದವರು. ಆ ರಾತ್ರಿಯ ಮೊದಲ ಗೋಲು ನಿಕೊ ವಿಲಿಯಮ್ಸ್‌ದು, ಅವರೂ ಲೆಸಾಮಾದ ಹುಡುಗ. ನಿಕೊ ಅಣ್ಣ ಇನಾಕಿ ಘಾನಾಕ್ಕೆ ಆಡುತ್ತಾರೆ. ಒಂದೇ ತಾಯಿಯ ಮಕ್ಕಳು, ಒಂದೇ ಕ್ಲಬ್, ದೇಶ ಮಾತ್ರ ಬೇರೆ ಬೇರೆ. ಇವರ ಮನೆಯಲ್ಲಿ ಕೂತು "ಯಾರ ಕಡೆಯವರು?" ಅಂತ ಕೇಳಿದರೆ ಏನು ಹೇಳಿಯಾರು?

ನಮ್ಮಲ್ಲೂ ಈ ಮಾತು ಈಚೆಗೆ ಬಿಸಿಯಾಗಿದೆ. ಭಾರತದಲ್ಲಿ ಎರಡು ಪೌರತ್ವಕ್ಕೆ ಜಾಗವಿಲ್ಲ. ಜಪಾನಿನಲ್ಲಿ ಹುಟ್ಟಿದ ಅರಾತಾ ಇಜುಮಿ ಆ ಪಾಸ್‌ಪೋರ್ಟ್ ಬಿಟ್ಟು 2013ರಲ್ಲಿ ಭಾರತಕ್ಕೆ ಆಡಿದರು. 2025ರಲ್ಲಿ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಭಾರತದ್ದು ತಗೊಂಡರು. ಕಂಠೀರವದಲ್ಲಿ ಕೂತು ಅವರ ಆಟ ನೋಡಿದವರಿಗೆ ಲಾಪೋರ್ಟ್ ಕಥೆ ದೂರದ್ದು ಅನ್ನಿಸಲಿಕ್ಕಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಲಾಪೋರ್ಟ್ ಮತ್ತೆ ಅಥ್ಲೆಟಿಕ್‌ಗೆ ಬಂದರು, ವಯಸ್ಸು 31. ಈ ಸಲ ಬಾಸ್ಕ್ ಹೌದೋ ಅಲ್ಲವೋ ಅನ್ನುವ ಪ್ರಶ್ನೆ ಏಳಲಿಲ್ಲ, ಲೆಸಾಮಾದಲ್ಲಿ ಬೆಳೆದವರು ಮನೆಗೆ ಬರುತ್ತಿದ್ದಾರೆ ಅಷ್ಟೇ. ಅಡ್ಡಿಯಾದದ್ದು ಕಾಗದ. ವರ್ಗಾವಣೆಯ ಕೊನೆಯ ದಿನ ಪತ್ರಗಳು ಸಮಯಕ್ಕೆ ಸರಿಯಾಗಿ ತಲುಪಲಿಲ್ಲ ಅಂತ ಫಿಫಾ ಮೊದಲು ಆಗಲ್ಲ ಅಂದಿತು. ಅಥ್ಲೆಟಿಕ್ ಪಟ್ಟು ಬಿಡಲಿಲ್ಲ. ದೇಶ ಬದಲಿಸಲು ಮೂರು ದಿನ ಸಾಕಾಗಿದ್ದವರು ತಮ್ಮ ಹಳೇ ಕ್ಲಬ್‌ಗೆ ವಾಪಸ್ ಸೇರಲು ಅದಕ್ಕಿಂತ ಜಾಸ್ತಿ ದಿನ ಕಾದರು.