‘ಫಾರ್ಮಲ್’ ಅಂದರೆ ಯಾವಾಗಲೂ ‘ಔಪಚಾರಿಕ’ವೇ?

‘ಫಾರ್ಮಲ್ ಕಂಪ್ಲೇಂಟ್’ ಎಂಬುದನ್ನು ‘ಔಪಚಾರಿಕ ದೂರು’ ಎಂದು ಕನ್ನಡಕ್ಕೆ ತಂದರೆ ಅರ್ಥವೇ ತಲೆಕೆಳಗಾಗುತ್ತದೆ. ಇಂಗ್ಲಿಷಿನಲ್ಲಿ ಅದು ಗಟ್ಟಿ ದೂರು: ಬರವಣಿಗೆಯಲ್ಲಿದೆ, ಸಹಿ ಇದೆ, ತಾರೀಖು ಇದೆ, ಪಡೆದವರು ದಾಖಲಿಸಿಕೊಂಡು ಉತ್ತರ ಕೊಡಬೇಕು. ಕನ್ನಡದ ಕಿವಿಗೆ ‘ಔಪಚಾರಿಕ’ ಎಂದಾಗ ಕೇಳಿಸುವುದು ಬೇರೆ. ‘ಬರೀ ಉಪಚಾರದ ಮಾತು’ ಅನ್ನುತ್ತೇವಲ್ಲ, ಆ ಛಾಯೆ ಅದಕ್ಕೆ ಅಂಟಿಕೊಂಡಿದೆ. ಹಾಗಾಗಿ ಓದುಗ ಅದನ್ನು ಶಾಸ್ತ್ರಕ್ಕೆ ಕೊಟ್ಟ ದೂರು ಎಂದುಕೊಳ್ಳಬಹುದು. ‘ಲಿಖಿತ ದೂರು’ ಎಂದೋ ‘ವಿಧಿವತ್ತಾದ ದೂರು’ ಎಂದೋ ಬರೆದರೆ ಈ ತೊಡಕಿಲ್ಲ.

ಪದದ ಬೇರು ಲ್ಯಾಟಿನ್ನಿನ ‘ಫಾರ್ಮಾ’. ಆಕಾರ, ಅಚ್ಚು ಎಂದು ಅರ್ಥ. ಯೂನಿಫಾರ್ಮ್, ರಿಫಾರ್ಮ್, ಫಾರ್ಮುಲಾ ಎಲ್ಲ ಅದೇ ಬುಡದವು. ಫಾರ್ಮುಲಾ ಎಂದರೆ ಅಕ್ಷರಶಃ ‘ಪುಟ್ಟ ಆಕಾರ’. ಮೊದಲೇ ಗೊತ್ತುಮಾಡಿದ ಒಂದು ಅಚ್ಚಿಗೆ ಹೊಂದಿಕೊಂಡದ್ದೆಲ್ಲ ಫಾರ್ಮಲ್. ಒಳಗಿನ ಭಾವ ಎಂಥದ್ದು, ವಿಷಯ ಎಷ್ಟು ದೊಡ್ಡದು ಎಂಬುದನ್ನು ಈ ಪದ ಕೇಳುವುದಿಲ್ಲ. ಇಂಗ್ಲೆಂಡಿನ 1837ರ ಉಯಿಲು ಕಾಯಿದೆಯನ್ನೇ ನೋಡಿ. ಉಯಿಲು ಬರವಣಿಗೆಯಲ್ಲಿರಬೇಕು, ಬರೆಸಿದವರ ಸಹಿ ಇರಬೇಕು, ಒಟ್ಟಿಗೇ ಹಾಜರಿದ್ದ ಇಬ್ಬರು ಸಾಕ್ಷಿಗಳು ಇರಬೇಕು. ಸತ್ತವರ ಇಚ್ಛೆ ಎಲ್ಲರಿಗೂ ಸ್ಪಷ್ಟವಾಗಿ ಗೊತ್ತಿದ್ದರೂ ಸಾಕ್ಷಿ ಒಬ್ಬರೇ ಆಗಿದ್ದರೆ ಉಯಿಲು ನಿಲ್ಲುವುದಿಲ್ಲ. ಅಚ್ಚು ತಪ್ಪಿದರೆ ಒಳಗಿನ ಸರಕೂ ಹೋಯಿತು. ಇಂಥ ಕಡೆ ‘ವಿಧ್ಯುಕ್ತ’, ‘ಕ್ರಮಬದ್ಧ’ ಎಂಬ ಪದಗಳು ಹತ್ತಿರ ಬರುತ್ತವೆ.

ಇದನ್ನು ‘ಅಫಿಷಿಯಲ್’ ಜೊತೆ ಬೆರೆಸುವವರು ಬಹಳ. ಅಫಿಷಿಯಲ್ ಅಂದರೆ ಅಧಿಕೃತ, ಅಧಿಕಾರ ಇದ್ದವರಿಂದ ಬಂದದ್ದು. ಫಾರ್ಮಲ್ ಹೇಳುವುದು ರೀತಿಯನ್ನು. ಇಬ್ಬರು ಅಧಿಕಾರಿಗಳು ಕಡತವೊಂದರ ಬಗ್ಗೆ ಫೋನಿನಲ್ಲಿ ‘ಏನ್ರೀ, ಎಲ್ಲಿಗೆ ಬಂತು?’ ಎಂದು ಮಾತಾಡಿಕೊಂಡರೆ ಅದು ಕಚೇರಿಯ ಕೆಲಸವೇ, ಆದರೆ ಫಾರ್ಮಲ್ ಅಲ್ಲ. ಯಾವ ಹುದ್ದೆಯೂ ಇಲ್ಲದವರು ಒಕ್ಕಣೆ ತಪ್ಪದೆ ಬರೆದ ಮನವಿ ಫಾರ್ಮಲ್, ಆದರೆ ಅಫಿಷಿಯಲ್ ಅಲ್ಲ. ವಿನಯಕ್ಕೂ ಇದಕ್ಕೂ ನಂಟು ಹಚ್ಚುವುದು ಇನ್ನೊಂದು ತಪ್ಪು. ಕೆಲಸದಿಂದ ತೆಗೆದುಹಾಕುವ ಪತ್ರ ಪೂರಾ ಫಾರ್ಮಲ್. ಅದರಲ್ಲಿ ಅಕ್ಕರೆ ಎಳ್ಳಷ್ಟೂ ಇರಬೇಕಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ ಈ ಪದಕ್ಕೆ ಮಟ್ಟಗಳಿವೆ. 1960ರ ದಶಕದಲ್ಲಿ ಭಾಷಾವಿಜ್ಞಾನಿ ಮಾರ್ಟಿನ್ ಜೂಸ್ ಇಂಗ್ಲಿಷ್ ಮಾತನ್ನು 5 ಶೈಲಿಗಳಾಗಿ ವಿಂಗಡಿಸಿದರು. ತುದಿಯಲ್ಲಿರುವುದು ‘ಫ್ರೋಜನ್’, ಅಂದರೆ ಪ್ರಮಾಣವಚನದಂತೆ ಒಂದಕ್ಷರವೂ ಅಲುಗದ ಹೆಪ್ಪುಗಟ್ಟಿದ ಮಾತು. ಆಮೇಲೆ ಫಾರ್ಮಲ್: ಒಬ್ಬರು ಹೇಳುತ್ತಾರೆ, ಕೇಳುವವರು ನಡುವೆ ಬಾಯಿ ಹಾಕುವುದಿಲ್ಲ. ಕೆಳಗೆ ಪರಸ್ಪರ ಕೇಳಿ ಹೇಳಿ ಆಡುವ ‘ಕನ್ಸಲ್ಟೇಟಿವ್’, ಗೆಳೆಯರ ನಡುವಿನ ‘ಕ್ಯಾಶುವಲ್’, ಕೊನೆಗೆ ಮನೆಯೊಳಗಿನ ‘ಇಂಟಿಮೇಟ್’. ಫಾರ್ಮಲ್ ಎಂಬುದು ಏಣಿಯ ತುದಿಯಲ್ಲ, ಅದರ ಮೇಲೂ ಒಂದು ಮೆಟ್ಟಿಲಿದೆ ಎಂಬುದು ಇಲ್ಲಿ ಗಮನಿಸಬೇಕಾದ್ದು.

ಕನ್ನಡದಲ್ಲಿ ನೀನು, ನೀವು, ತಾವು ಎನ್ನುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ಕ್ರಿಯಾಪದದ ಕೊನೆ ಉಳಿದದ್ದನ್ನು ಹೇಳುತ್ತದೆ. ಇಂದಿನ ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಆ ಭಾರವನ್ನು ಅಲ್ಲಿ ಪದಗಳ ಆಯ್ಕೆಯೂ ವಾಕ್ಯದ ಕಟ್ಟೂ ಹೊರಬೇಕು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಡಳಿತದ ಭಾಷೆಯಾಗಿ ಫ್ರೆಂಚ್ ಬಂತು, ಜನರ ಬಾಯಲ್ಲಿ ಹಳೆಯ ಇಂಗ್ಲಿಷ್ ಉಳಿಯಿತು. ಹೀಗಾಗಿ ಒಂದೇ ಅರ್ಥಕ್ಕೆ ಎರಡೆರಡು ಪದ: ‘ಬಿಗಿನ್’ ಮನೆಯದು, ‘ಕಮೆನ್ಸ್’ ಕಚೇರಿಯದು. ‘ಹೆಲ್ಪ್’ಗೆ ‘ಅಸಿಸ್ಟ್’, ‘ಬೈ’ಗೆ ‘ಪರ್ಚೇಸ್’ ಹಾಗೆಯೇ. ‘ಡೋಂಟ್’ ಅನ್ನು ಬಿಡಿಸಿ ‘ಡು ನಾಟ್’ ಎಂದರೆ ಒಂದು ಮೆಟ್ಟಿಲು ಮೇಲೆ. ‘ಕಿಡ್ಸ್’ ಎಂಬಲ್ಲಿ ‘ಚಿಲ್ಡ್ರನ್’, ‘ಫೈಂಡ್ ಔಟ್’ ಎಂಬಲ್ಲಿ ‘ಅಸರ್ಟೇನ್’. ಕೊನೆಯದನ್ನು ಮಾತ್ರ ಹಿಡಿತದಲ್ಲಿ ಬಳಸಿ. ಮೂರು ಸಾಲಿನ ರಜೆ ಅರ್ಜಿಯಲ್ಲಿ ಅಂಥ ಪದ ಬಂದರೆ ಬಾಡಿಗೆ ಕೋಟು ತೊಟ್ಟಂತೆ ಕಾಣುತ್ತದೆ.

ಪತ್ರದಲ್ಲಿ ಎಡವುವುದು ಹೆಚ್ಚಾಗಿ ಮೊದಲ ಸಾಲಿಗೂ ಕೊನೆಯ ಸಾಲಿಗೂ ಹೊಂದಿಸುವಲ್ಲಿ. ಬ್ರಿಟಿಷ್ ಪದ್ಧತಿಯಲ್ಲಿ ಹೆಸರಿಲ್ಲದೆ ‘ಡಿಯರ್ ಸರ್ ಆರ್ ಮೇಡಂ’ ಎಂದು ಶುರುಮಾಡಿದರೆ ‘ಯುವರ್ಸ್ ಫೇತ್‌ಫುಲಿ’ ಎಂದು ಮುಗಿಸಬೇಕು; ‘ಡಿಯರ್ ಮಿಸ್ಟರ್’ ಎಂದು ಮನೆತನದ ಹೆಸರು ಸೇರಿಸಿದ್ದರೆ ‘ಯುವರ್ಸ್ ಸಿನ್ಸಿಯರ್ಲಿ’. ಅಮೆರಿಕದಲ್ಲಿ ‘ಸಿನ್ಸಿಯರ್ಲಿ’ ಒಂದೇ ಸಾಕು, ಜೊತೆಗೆ ಸಂಬೋಧನೆ ಆದ ಮೇಲೆ ಅಲ್ಪವಿರಾಮದ ಬದಲು ಎರಡು ಚುಕ್ಕಿಯ ಚಿಹ್ನೆ (:). ‘ಹಾಯ್’ ಎಂದು ಕರೆದು ‘ಯುವರ್ಸ್ ಫೇತ್‌ಫುಲಿ’ ಎಂದು ಕೈಮುಗಿದರೆ ಓದುವವರಿಗೆ ನಗು ಬರುತ್ತದೆ. ಮಟ್ಟ ಯಾವುದಾದರೂ ಇರಲಿ, ಒಂದೇ ಪತ್ರದಲ್ಲಿ ಏರಿಳಿಯಬಾರದು.

ಉಡುಪಿನ ಮಾತು ಇದಕ್ಕಿಂತ ಮಜವಾದದ್ದು. ಪ್ಯಾಂಟಿನೊಳಗೆ ಸೇರಿಸಿದ ಇಸ್ತ್ರಿ ಶರಟನ್ನು ನಾವು ‘ಫಾರ್ಮಲ್ಸ್’ ಎನ್ನುತ್ತೇವೆ. ಹಳೆಯ ಪಾಶ್ಚಾತ್ಯ ಲೆಕ್ಕದಲ್ಲಿ ಅದಕ್ಕೆ ಹತ್ತಿರಕ್ಕೂ ಜಾಗವಿಲ್ಲ. ಅಲ್ಲಿ ಫಾರ್ಮಲ್ ಎಂದರೆ ಸಂಜೆಗೆ ‘ವೈಟ್ ಟೈ’, ಅಂದರೆ ಹಿಂದೆ ಬಾಲವಿರುವ ಕರಿ ಕೋಟು ಮತ್ತು ಬಿಳಿ ಬೋ. ಹಗಲಿಗೆ ‘ಮಾರ್ನಿಂಗ್ ಡ್ರೆಸ್’, ಅಂದರೆ ಹಿಂದೆ ಉದ್ದವಾಗಿ ಇಳಿಯುವ ಕೋಟು ಮತ್ತು ಪಟ್ಟೆ ಪ್ಯಾಂಟು. ಎಲ್ಲರೂ ಭಾರೀ ಎಂದುಕೊಳ್ಳುವ ‘ಬ್ಲ್ಯಾಕ್ ಟೈ’, ಅಂದರೆ ಬಾಲವಿಲ್ಲದ ಕೋಟು ಮತ್ತು ಕರಿ ಬೋ, ಬರೀ ಸೆಮಿ ಫಾರ್ಮಲ್. ಸೂಟು ಮತ್ತು ಟೈ? ಅದು ‘ಇನ್‌ಫಾರ್ಮಲ್’! ಆದ್ದರಿಂದ ಆ ಕಟ್ಟುಪಾಡು ಪಾಲಿಸುವವರ ಆಮಂತ್ರಣದಲ್ಲಿ ‘ಇನ್‌ಫಾರ್ಮಲ್’ ಎಂದಿದ್ದರೆ ಟೀಶರ್ಟ್ ತೊಟ್ಟು ಹೋಗುವ ಹಾಗಿಲ್ಲ. ಅನುಮಾನವಿದ್ದರೆ ಕರೆದವರನ್ನೇ ಕೇಳುವುದು ಕ್ಷೇಮ.

ವಿರುದ್ಧಪದ ‘ಇನ್‌ಫಾರ್ಮಲ್’; ‘ಅನ್‌ಫಾರ್ಮಲ್’ ಎಂದು ಯಾರೂ ಬಳಸುವುದಿಲ್ಲ. ಆದರೆ ‘ನಾನ್‌ಫಾರ್ಮಲ್’ ಇದೆ, ಅದು ಬೇರೆಯೇ. ಶಾಲೆ, ತರಗತಿ, ಪರೀಕ್ಷೆ, ಪ್ರಮಾಣಪತ್ರ ಇರುವುದು ಫಾರ್ಮಲ್ ಶಿಕ್ಷಣ. ವಯಸ್ಕರ ಅಕ್ಷರ ತರಗತಿಯಂತೆ ಯೋಜನೆ ಇದ್ದೂ ಶಾಲೆಯ ಚೌಕಟ್ಟಿನ ಹೊರಗಿರುವುದು ನಾನ್‌ಫಾರ್ಮಲ್. ಅಡುಗೆಮನೆಯಲ್ಲಿ ನೋಡುನೋಡುತ್ತಲೇ ಕಲಿತದ್ದು ಇನ್‌ಫಾರ್ಮಲ್. ಈ ಎರಡಕ್ಕೂ ‘ಅನೌಪಚಾರಿಕ’ ಎಂದು ಒಂದೇ ಪದ ಹಾಕಿದರೆ ಭೇದ ಅಳಿಸಿಹೋಗುತ್ತದೆ. ಅರ್ಥಶಾಸ್ತ್ರದ ‘ಇನ್‌ಫಾರ್ಮಲ್ ಸೆಕ್ಟರ್’ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1972ರ ಕೀನ್ಯಾ ವರದಿಯಿಂದ ಹೆಸರಾಯಿತು. ಕನ್ನಡದಲ್ಲಿ ಅದಕ್ಕೆ ‘ಅಸಂಘಟಿತ ವಲಯ’ ಎನ್ನುವುದು ರೂಢಿ. ಉಪಚಾರ ಎಂಬುದು ಅಲ್ಲಿ ಸುಳಿಯಲೇ ಇಲ್ಲ, ಒಳ್ಳೆಯದೇ ಆಯಿತು.

ಗಣಿತ, ತರ್ಕಗಳಲ್ಲಿ ಪದ ತನ್ನ ಮೂಲಾರ್ಥಕ್ಕೇ ಮರಳುತ್ತದೆ. ‘ಫಾರ್ಮಲ್ ಪ್ರೂಫ್’ ಎಂದರೆ ಪ್ರತಿ ಹೆಜ್ಜೆಯೂ ಮೊದಲೇ ಬರೆದಿಟ್ಟ ನಿಯಮದಿಂದ ಬಂದ ಸಾಧನೆ. ಚಿಹ್ನೆಗಳ ಅರ್ಥ ಗೊತ್ತಿಲ್ಲದ ಯಂತ್ರವೂ ಅದನ್ನು ಪರೀಕ್ಷಿಸಬಹುದು. ಇಲ್ಲಿ ‘ಔಪಚಾರಿಕ’ ಎಂದರೆ ಶುದ್ಧ ತಪ್ಪು. ‘ರೂಪ’ ಅಥವಾ ‘ಆಕಾರ’ದಿಂದ ಹುಟ್ಟಿದ ಪದವೇ ಬೇಕು.

ನಾಮಪದ ‘ಫಾರ್ಮ್ಯಾಲಿಟಿ’ಗೆ ಎರಡು ಮುಖ. ‘ಲೀಗಲ್ ಫಾರ್ಮ್ಯಾಲಿಟೀಸ್’ ಎಂದು ಬಹುವಚನದಲ್ಲಿ ಬಂದರೆ ಬಿಡಲಾಗದ ವಿಧಿವಿಧಾನ. ‘ಮಿಯರ್ ಫಾರ್ಮ್ಯಾಲಿಟಿ’ ಎಂದರೆ ಫಲಿತಾಂಶ ಮೊದಲೇ ಗೊತ್ತಿದ್ದು ಲೆಕ್ಕಕ್ಕೆ ನಡೆಯುವುದು. ‘ಔಪಚಾರಿಕ’ ಎಂಬ ಪದ ನಿಜವಾಗಿ ಹೊಂದುವುದು ಇಲ್ಲಿ. ಇನ್ನೂ ಒಂದು ಹೆಜ್ಜೆ ಕೆಳಗಿಳಿದು ‘ಕಾಟಾಚಾರ’, ‘ನಾಮಕಾವಸ್ತೆ’ ಎಂದುಬಿಟ್ಟರೆ ಬೈಗುಳ ಸೇರುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ‘ಪರ್ಫಂಕ್ಟರಿ’ ಎಂಬ ಪದ ಬೇರೆಯೇ ಇದೆ.

ಕಾಗುಣಿತದಲ್ಲೂ ಒಂದು ಬಲೆ. ‘ಫಾರ್ಮಲಿ’ ಎಂದರೆ ವಿಧಿವತ್ತಾಗಿ, ‘ಫಾರ್ಮರ್ಲಿ’ ಎಂದರೆ ಈ ಹಿಂದೆ. ಬ್ರಿಟಿಷ್ ಉಚ್ಚಾರಣೆಯಲ್ಲಿ ‘ರ್’ ಉದುರಿಹೋಗುವುದರಿಂದ ಎರಡೂ ಒಂದೇ ಥರ ಕೇಳಿಸುತ್ತವೆ, ಕಾಗುಣಿತ ಪರೀಕ್ಷಕ ತಂತ್ರಾಂಶಕ್ಕೂ ಎರಡೂ ಸರಿಯಾದ ಪದಗಳೇ. ಒಂದರ ಬದಲು ಇನ್ನೊಂದು ಬಿದ್ದರೆ, ಅಧ್ಯಕ್ಷರಾಗಿ ವಿಧ್ಯುಕ್ತವಾಗಿ ನೇಮಕಗೊಂಡವರು ಕಾಗದದ ಮೇಲೆ ಮಾಜಿ ಅಧ್ಯಕ್ಷರಾಗಿಬಿಡುತ್ತಾರೆ.