ಸೈಕಲ್ಲಿನ ಪಾಲಿನ ರಸ್ತೆ: ಕಲಬುರಗಿಯಲ್ಲಿ ನಿರ್ಧಾರ ಯಾರದು?

ಸೂಪರ್ ಮಾರ್ಕೆಟ್‌ನಿಂದ ಜಗತ್ ವೃತ್ತದ ಕಡೆಗೆ ಸಂಜೆಯ ಹೊತ್ತು ಸೈಕಲ್ ತುಳಿಯುವ ಶಾಲಾ ಬಾಲಕಿಗೆ ರಸ್ತೆಯ ಅಂಚು ಸಿಗುವುದಿಲ್ಲ. ಮೊದಲು ಸಾಲಾಗಿ ನಿಂತ ಬೈಕುಗಳು, ಅವುಗಳ ಪಕ್ಕ ತಳ್ಳುಬಂಡಿ, ಅದರಾಚೆ ಪ್ರಯಾಣಿಕರಿಗಾಗಿ ಕಾಯುವ ಆಟೊ. ಈ ಮೂರನ್ನೂ ದಾಟಿಕೊಂಡು ಅವಳು ಬಸ್ಸಿನ ಚಕ್ರದ ಪಕ್ಕಕ್ಕೇ ಬರಬೇಕು. ಅವಳಿಗೆ ಜಾಗ ಬಿಡಿಸಿಕೊಡಬೇಕಾದವರು ಯಾರು ಎಂದು ಕೇಳಿದರೆ ಒಂದೇ ಕಚೇರಿಯ ಹೆಸರು ಹೇಳಲಾಗದು.

1948ರಲ್ಲಿ ನಿಜಾಮರ ಆಡಳಿತ ಮುಗಿದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಊರಿಗೆ 1961ರ ನಗರ ಯೋಜನಾ ಕಾಯ್ದೆ, 1976ರ ಪಾಲಿಕೆ ಕಾಯ್ದೆ, 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಒಂದರ ಮೇಲೊಂದು ಬಂದವು. ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ರಸ್ತೆಯ ಅಗಲ ಗುರುತಿಸುವುದು ಪ್ರಾಧಿಕಾರ, ಒಳರಸ್ತೆ, ಚರಂಡಿ, ಪಾದಚಾರಿ ಮಾರ್ಗ ಪಾಲಿಕೆಯದು, ಹೆದ್ದಾರಿಗಳಿಗೆ ಬೇರೆ ಇಲಾಖೆಗಳು, ವಾಹನ ನಿಲುಗಡೆಗೆ ಸಂಚಾರ ಪೊಲೀಸರು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ನಗರ ಯೋಜನೆಯನ್ನೂ ರಸ್ತೆಗಳನ್ನೂ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಲ್ಲಿ ಸೇರಿಸಿತು. ಆದರೆ ಎಷ್ಟು ವಹಿಸಬೇಕೆಂಬುದು ರಾಜ್ಯದ ಕೈಯಲ್ಲೇ ಉಳಿಯಿತು.

ಸೈಕಲ್ ಪಥದ ವಿನ್ಯಾಸ ಹೇಗಿರಬೇಕೆಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 1962ರಲ್ಲೇ ಹೇಳಿತ್ತು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ವಾಹನಗಳಿಗಿಂತ ಜನರ ಓಡಾಟಕ್ಕೆ ಆದ್ಯತೆ ಕೊಡಬೇಕೆಂದಿತು. ಆ ಹೊತ್ತಿಗೇ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ಮಕ್ಕಳು ಆ ಸೈಕಲ್ಲುಗಳನ್ನು ಏರಿ ಬಂದದ್ದು ಅವರಿಗಾಗಿ ಏನೂ ಬದಲಾಗದ ರಸ್ತೆಗಳಿಗೆ.

ಇತ್ತೀಚಿನ ಘಟ್ಟವನ್ನು ಸ್ವಲ್ಪ ನಿಂತು ನೋಡಬೇಕು. ಪಾಲಿಕೆಯ 55 ವಾರ್ಡುಗಳಿಗೆ 2021ರ ಸೆಪ್ಟೆಂಬರಿನಲ್ಲಿ ಚುನಾವಣೆ ನಡೆದರೂ ಮೇಯರ್ ಆಯ್ಕೆಯಾದದ್ದು 2023ರ ಮಾರ್ಚಿನಲ್ಲಿ. ಗೆದ್ದ ಸದಸ್ಯರಿದ್ದರೂ ಸುಮಾರು ಒಂದೂವರೆ ವರ್ಷ ಅವರ ಸಭೆಯಿರಲಿಲ್ಲ. ಯಾವ ಬೀದಿಯಲ್ಲಿ ಯಾರಿಗೆ ಎಷ್ಟು ಅಡಿ ಎಂಬುದನ್ನು ಆ ಬೀದಿಯವರ ಪ್ರತಿನಿಧಿ ಕೂತು ಚರ್ಚಿಸುವ ಜಾಗವೇ ಇಲ್ಲದಂತಾಯಿತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ತಿದ್ದುಪಡಿಯ ಬಳಿಕ ಈ ಭಾಗದ ರಸ್ತೆಗಳಿಗೆ ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಬರುತ್ತಿದೆ. ಅದು ಬೇಕಾದದ್ದೇ, ಆದರೆ ಹಣದ ದಾರಿ ಹೆಚ್ಚಿದಂತೆ ನಿರ್ಧಾರದ ಮೇಜುಗಳೂ ಹೆಚ್ಚುತ್ತವೆ.

ಸೈಕಲ್ಲಿಗೆ ಜಾಗ ಸಿಗುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಕಾಮಗಾರಿಯ ಅಂದಾಜುಪಟ್ಟಿಯಲ್ಲಿ. ಅಲ್ಲಿ ವಿಭಜಕ, ಚರಂಡಿ, ಡಾಂಬರು ಎಲ್ಲಕ್ಕೂ ಅಳತೆ ಬರೆದು ಸೈಕಲ್ಲಿಗೆ ಬರೆಯದೆ ಹೋದರೆ, ಕಾಂಕ್ರೀಟ್ ಬಿದ್ದ ಮೇಲೆ ಸಾಮಾನ್ಯ ಸಭೆಯಲ್ಲಿ ಯಾರೇ ಕೇಳಿದರೂ ತಡವಾಗಿರುತ್ತದೆ. ಹಾಗಾಗಿ ವಾರ್ಡಿನ ಸದಸ್ಯರಿಗೂ ನಿವಾಸಿಗಳಿಗೂ ಆ ಪಟ್ಟಿ ಟೆಂಡರಿಗೆ ಮೊದಲೇ ಕಾಣಬೇಕು. ನೆಹರೂ ಗಂಜಿನಲ್ಲಿ ದಿನವಿಡೀ ತೊಗರಿ ಮೂಟೆ ಹೊತ್ತು, ಕತ್ತಲಾದ ಮೇಲೆ ಲಾರಿಗಳ ಸಾಲಿನ ಪಕ್ಕದಲ್ಲಿ ದೀಪವಿಲ್ಲದ ಸೈಕಲ್ ತುಳಿದು ಮನೆಗೆ ಹೋಗುವ ಹಮಾಲರನ್ನೂ ಆಗ ಕರೆದು ಕೇಳಬೇಕು.